ಒಂದು ನಿಂತ ಗೆರೆ ಹುಡುಕಿದ ರಾದಿಯಾ

ಬೆಳಗಿನ ಐದೂಕಾಲು. ಟ್ಯುನೀಸಿಯಾದ ಸ್ಫಾಕ್ಸ್ ಊರಿನ ಮೀನುಪೇಟೆ ಆಗಷ್ಟೇ ಕಣ್ಣುಜ್ಜಿಕೊಳ್ಳುತ್ತಿದೆ. ಕೆಳಗೆ ರಸ್ತೆಯಲ್ಲಿ ಮೊದಲ ಮೊಪೆಡ್ಡುಗಳ ಸದ್ದು. ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ ರಾದಿಯಾ ಎಲ್ಲೂಝ್ ನಮಾಜ್ ಮುಗಿಸಿ, ಆಲಿವ್ ಎಣ್ಣೆಯಲ್ಲಿ ಕಲಸಿದ ಬ್ಸೀಸಾ ಹಿಟ್ಟಿನ ಬಟ್ಟಲನ್ನು ಒಂದು ಪಕ್ಕಕ್ಕೆ ಸರಿಸಿ, ಮುದ್ರಿಸಿದ ಹನ್ನೊಂದು ಹಾಳೆಗಳ ಮುಂದೆ ಕೂತಿದ್ದಾರೆ. ಹಾಳೆಯ ಮೇಲೊಂದು ಮರದ ಅಡಿಪಟ್ಟಿ. ಒಂದು ಸಾಲು ಓದುತ್ತಾರೆ, ಪಟ್ಟಿಯನ್ನು ಒಂದು ಸಾಲು ಕೆಳಗಿಳಿಸುತ್ತಾರೆ. ತುಟಿ ಅಲ್ಲಾಡುತ್ತಿದೆ. ಹತ್ತಿರ ಹೋದರೆ ಕೇಳಿಸುತ್ತದೆ: "ಕಂಸ ತೆರೆ... ನಕ್ಷತ್ರ... ಬಾಣ... ಕಂಸ ಮುಚ್ಚು."

"ಮೇಡಂ ಎದ್ದಾಯ್ತಾ? ಇವತ್ತು ಯಾರ ಗ್ರಹಚಾರ ಬಿಡಿಸ್ತಿದೀರಿ?" ಎನ್ನುತ್ತಾ ಗಂಡ ಲಝ್ಹರ್ ಒಳಗೆ ಬರುತ್ತಾರೆ. ಅವರು ಡ್ರೈವಿಂಗ್ ಶಾಲೆಯ ಮೇಷ್ಟ್ರು.

"ಯಾರೋ ಕೊರಿಯಾದ ಹುಡುಗಿ. ಪಾಪ, ಚೆನ್ನಾಗೇ ಬರ್ದಿದಾಳೆ. ಆದ್ರೆ ಬೀಗ ಹಾಕಿ ಒಳಗೆ ಹೋದೋಳು ಹೊರಗೆ ಬರೋವಾಗ ತೆಗೆಯೋದು ಮರ್ತಿದಾಳೆ."

"ಹಾಗಾದ್ರೆ ಮೃದುವಾಗಿ ಹೇಳು. ನನ್ನ ಹತ್ರ ಮಾತಾಡೋ ಹಾಗೆ ಮಾತಾಡ್ಬೇಡ."

ರಾದಿಯಾ ನಗುತ್ತಾರೆ. ಕಂಪ್ಯೂಟರಿನತ್ತ ತಿರುಗಿ, ಕೊರಿಯಾದ ಆ ಹುಡುಗಿಗೆ ನಾಲ್ಕು ಸಾಲಿನ ಪತ್ರ ಬರೆಯುತ್ತಾರೆ. ಮೊದಲ ಸಾಲು ಹೊಗಳಿಕೆ. ಎರಡನೆಯದು ಬೀಗ. ಕೊನೆಯದು, "ಇನ್ನೊಮ್ಮೆ ಕಳುಹಿಸಿ, ನಾನು ಕಾಯುತ್ತೇನೆ."

ಇದೇ ಅವರ ಕೆಲಸ. ಭೂಮಿಯ ಮೇಲಿನ ಅಸಂಖ್ಯ ಕಂಪ್ಯೂಟರುಗಳ ತಳದಲ್ಲಿ ಕೂತು ಎಲ್ಲವನ್ನೂ ನಡೆಸುವ ಒಂದು ಮೂಲ ತಂತ್ರಾಂಶವಿರುತ್ತದೆ. ಅದಕ್ಕೆ ಕರ್ನಲ್ ಎನ್ನುತ್ತಾರೆ. ರಾದಿಯಾ ದುಡಿಯುವ ಕರ್ನಲ್ಲನ್ನು ಹಲವು ದೇಶಗಳ ಸಾವಿರಾರು ಜನ ಸೇರಿ ಬರೆಯುತ್ತಾರೆ. ಯಾರಾದರೂ ಅದಕ್ಕೊಂದು ತೇಪೆ, ಅಂದರೆ ತಿದ್ದುಪಡಿ, ಹಾಕಬೇಕೆಂದರೆ ಮೊದಲು ಎಲ್ಲರೂ ಓದುವ ಇ-ಮೇಲ್ ಅಂಚೆಗೆ ಕಳುಹಿಸಬೇಕು. ಬೇರೆಯವರು ಓದಿ ಒಪ್ಪಬೇಕು. ಹಾಗೆ ಓದುವವರಲ್ಲಿ ರಾದಿಯಾ ಒಬ್ಬರು. ವಯಸ್ಸು ಐವತ್ತಮೂರು. ಅವರು ನೋಡಿಕೊಳ್ಳುವುದು ಕರ್ನಲ್ಲಿನ ಒಂದು ಇಕ್ಕಟ್ಟಾದ ಮೂಲೆ, ಒಳಗೊಳಗೆ ಅಡಕವಾದ ಪೇಜ್ ಟೇಬಲ್‌ಗಳ, ಅಂದರೆ ಯಂತ್ರದ ನೆನಪಿನ ವಿಳಾಸಪಟ್ಟಿಗಳ, ಉಸ್ತುವಾರಿ. ಜಗತ್ತಿನಲ್ಲಿ ಆ ಮೂಲೆಯನ್ನು ಸಲೀಸಾಗಿ ಓದಬಲ್ಲವರು ಮೂವತ್ತು ಮಂದಿ ಇದ್ದರೆ ಹೆಚ್ಚು.

ಹದಿನಾಲ್ಕು ವರ್ಷದಿಂದ ಇದೇ ಕಟ್ಟಡದ ಎರಡನೇ ಮಹಡಿಯಲ್ಲಿರುವ ನನಗೆ ಅವರ ಕೆಲಸವೇನೆಂದು ಮೊದಲ ಆರು ವರ್ಷ ಗೊತ್ತೇ ಇರಲಿಲ್ಲ. ಅವರ ಅತ್ತೆ ಖದ್ದೂಜಾ, ಅಂದರೆ ತಂದೆಯ ತಂಗಿ, ಇವತ್ತಿಗೂ ನೆಂಟರಿಗೆ ಹೇಳುವುದು ಒಂದೇ ಮಾತು: "ನಮ್ಮ ರಾದಿಯಾ ಪರದೇಶದ ಗಂಡಸರಿಗೆಲ್ಲ ಕಾಗದದಲ್ಲಿ ಬಯ್ತಾಳೆ. ಅವರು ಥ್ಯಾಂಕ್ಸ್ ಅಂತಾರೆ!"

ಅತ್ತೆ ಹೇಳುವುದು ಸುಳ್ಳೇನಲ್ಲ.

ನನಗೆ ಅರ್ಥವಾಗಲೆಂದು ರಾದಿಯಾ ಒಮ್ಮೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾ ವಿವರಿಸಿದ್ದರು. "ನೋಡು ಹಿಂದಿಯಾ," ಅವರು ನನ್ನನ್ನು ಕರೆಯುವುದೇ ಹಾಗೆ, ಭಾರತದವಳೇ ಎಂದು, "ಒಂದು ದೊಡ್ಡ ಯಂತ್ರ ಅಂದ್ರೆ ಒಂದು ದೊಡ್ಡ ಕಟ್ಟಡ ಅಂತ ಇಟ್ಕೋ. ಅದರ ಕೋಣೆಗಳನ್ನ ಬಾಡಿಗೆಗೆ ಕೊಡ್ತಾರೆ. ಬಾಡಿಗೆಗೆ ಬಂದೋನಿಗೆ ಇಡೀ ಕಟ್ಟಡ ತನ್ನದೇ ಅನ್ನೋ ಭ್ರಮೆ. 'ಒಂದನೇ ಕೋಣೆ ನಂದು' ಅಂತಾನೆ. ನಿಜವಾಗಿ ಅದು ಮುನ್ನೂರ ಹದಿನೇಳನೇದು. ಮಾಲೀಕ ಆ ಲೆಕ್ಕಾನ ಒಂದು ಪಟ್ಟೀಲಿ ಬರ್ದಿಟ್ಕೊಂಡಿರ್ತಾನೆ. ಈಗ ಆ ಬಾಡಿಗೆದಾರ ಸುಮ್ನೆ ಇರ್ತಾನಾ? ಅವನೂ ಒಳಬಾಡಿಗೆಗೆ ಕೊಡ್ತಾನೆ! ಅವನದ್ದೊಂದು ಪಟ್ಟಿ. ಪಟ್ಟಿಯೊಳಗೆ ಪಟ್ಟಿ. ಒಂದು ಕಾಗದ ತಲುಪಿಸ್ಬೇಕು ಅಂದ್ರೆ ಅಂಚೆಯವನು ಇಷ್ಟನ್ನೂ ನೋಡ್ಬೇಕು."

"ಅವನಿಗೆ ತಲೆ ಕೆಡೋದಿಲ್ವಾ?"

"ಕೆಡತ್ತೆ. ಅದಕ್ಕೇ ಅವನು ವಿಳಾಸಗಳನ್ನ ಬಾಯಿಪಾಠ ಮಾಡ್ಕೊಂಡ್ಬಿಡ್ತಾನೆ. ಗಂಡಾಂತರ ಇರೋದೇ ಅಲ್ಲಿ. ಒಳಬಾಡಿಗೆಯವನು ಖಾಲಿ ಮಾಡ್ದ ಅಂತ ಪಟ್ಟೀಲಿ ಅಳಿಸಿದ್ರೆ ಸಾಲ್ದು. ಎಲ್ಲಾ ಅಂಚೆಯವರಿಗೂ 'ಆ ವಿಳಾಸ ಮರ್ತುಬಿಡಿ' ಅಂತ ಸಾರ್ಬೇಕು. ಆಮೇಲೇ ಆ ಕೋಣೆ ಬೇರೆಯವರಿಗೆ. ಇಲ್ದಿದ್ರೆ ನಿನ್ನ ಆಸ್ಪತ್ರೆ ರಿಪೋರ್ಟು ಯಾರದೋ ಮನೆ ಬಾಗಿಲಲ್ಲಿ ಬಿದ್ದಿರತ್ತೆ."

ಆ ಸಾರುವ ಕೆಲಸ ತಪ್ಪದಂತೆ ಕಾಯುವುದೇ ರಾದಿಯಾರ ನಿತ್ಯಕರ್ಮ. ದಿನಕ್ಕೆ ಸುಮಾರು ನೂರ ನಲವತ್ತು ಪತ್ರ ಬರುತ್ತವೆ. ಇಪ್ಪತ್ತೈದನ್ನು ಪೂರ್ತಿ ಓದುತ್ತಾರೆ. ಆರೇಳಕ್ಕೆ ಉತ್ತರ ಬರೆಯುತ್ತಾರೆ. ಹನ್ನೊಂದು ವರ್ಷದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ತೇಪೆಗಳ ಕೊನೆಯಲ್ಲಿ 'ಪರಿಶೀಲಿಸಿದವರು' ಎಂಬ ಸಾಲಿನ ಮುಂದೆ ಅವರ ಹೆಸರು ಕೂತಿದೆ. ಆ ಸಾಲನ್ನು ಯಾರೂ ಓದುವುದಿಲ್ಲ. ಟ್ಯೂನಿಸ್ಸಿನ ಒಂದು ಸಣ್ಣ ಕಂಪನಿ ಅವರಿಗೆ ಅರ್ಧ ದಿನದ ಸಂಬಳ ಕೊಡುತ್ತದೆ. ಉಳಿದರ್ಧ ದಿನ ಅವರದೇ ಖುಷಿ.

ಈ ಓದಿನ ಚಟ ಬಂದಿದ್ದು ಅಪ್ಪನಿಂದ. ಅಪ್ಪ ತೀಜಾನಿಯವರಿಗೆ ಹಳೇ ಕೋಟೆಯೊಳಗೆ ಒಂದು ಅಚ್ಚುಕೂಟವಿತ್ತು. ಶಾಲೆಯ ಪಠ್ಯ, ಮದುವೆ ಕಾರ್ಡು, ಆಲಿವ್ ಎಣ್ಣೆ ಡಬ್ಬದ ಚೀಟಿ, ಎಲ್ಲವೂ ಅಲ್ಲೇ ಅಚ್ಚಾಗುತ್ತಿದ್ದವು. ಅಪ್ಪ ಮೂಲಪ್ರತಿ ಹಿಡಿದು ಅಲ್ಪವಿರಾಮವನ್ನೂ ಬಿಡದೆ ಗಟ್ಟಿಯಾಗಿ ಓದುವುದು, ಎಂಟು ವರ್ಷದ ರಾದಿಯಾ ಕರಡು ಹಿಡಿದು ಬೆರಳಿಟ್ಟು ಹಿಂಬಾಲಿಸುವುದು. "ಒಂದ್ಸಲ ವಧುವಿನ ಹೆಸರಲ್ಲಿ ಒಂದು ಚುಕ್ಕೆ ತಪ್ಪಿ ಬೇರೆ ಹುಡುಗಿ ಹೆಸರಾಗ್ಬಿಟ್ಟಿತ್ತು. ನಾನು ಹಿಡ್ದೆ. ಅಪ್ಪ ಅವತ್ತು ನಂಗೆ ಒಂದು ಪೂರ್ತಿ ಕಿಲೋ ಬಾದಾಮಿ ಮಿಠಾಯಿ ಕೊಡ್ಸಿದ್ರು. ಜಿಪುಣತನಕ್ಕೆ ಹೆಸರಾದ ಸ್ಫಾಕ್ಸಿನ ಗಂಡಸು ಒಂದು ಕಿಲೋ ಕೊಡ್ಸಿದ ಅಂದ್ರೆ ಲೆಕ್ಕ ಹಾಕ್ಕೋ, ಎಷ್ಟು ದೊಡ್ಡ ತಪ್ಪಿರ್ಬೇಕು!"

ಎಂಜಿನಿಯರಿಂಗ್ ಓದಿ, ಟ್ಯೂನಿಸ್ಸಿನಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳ ತಂತ್ರಾಂಶ ಬರೆಯುತ್ತಿದ್ದವರು, ಅಮ್ಮನಿಗೆ ಪಾರ್ಶ್ವವಾಯು ಹೊಡೆದಾಗ ಕೆಲಸ ಬಿಟ್ಟು ಊರಿಗೆ ಬಂದರು. ಎಂಟು ವರ್ಷ ಅಮ್ಮನ ಹಾಸಿಗೆಯ ಪಕ್ಕದಲ್ಲೇ ಕಳೆಯಿತು. ಅಮ್ಮ ನಿದ್ದೆ ಹೋದಾಗ ಓದಲು ಏನಾದರೂ ಬೇಕಿತ್ತು. ಮನೆಯ ಇಂಟರ್ನೆಟ್ಟಿಗೆ ವಿಡಿಯೊ ಎಳೆಯುವ ತ್ರಾಣ ಇರಲಿಲ್ಲ, ಪತ್ರಗಳು ಮಾತ್ರ ಬರುತ್ತಿದ್ದವು. ಹೀಗೆ ಕರ್ನಲ್ಲಿನ ಅಂಚೆ ಓದಲು ಶುರುಮಾಡಿದರು. ಎರಡು ವರ್ಷ ಸುಮ್ಮನೆ ಓದಿದರು. ಮೂರನೇ ವರ್ಷ ಧೈರ್ಯಮಾಡಿ ಒಂದು ವಿವರಣೆಯಲ್ಲಿದ್ದ ಕಾಗುಣಿತದ ತಪ್ಪನ್ನು ತೋರಿಸಿ ಪತ್ರ ಹಾಕಿದರು. "ಅಲ್ಪವಿರಾಮ ಎಣಿಸುವವರು ಬೇರೆಲ್ಲಾದರೂ ಹೋಗಿ" ಎಂದು ಒಬ್ಬ ಬರೆದ.

"ಅತ್ತುಬಿಟ್ರಾ?" ಎಂದು ಕೇಳಿದೆ.

"ಅಳ್ಲಿಲ್ಲ. ಕೂತು ಮತ್ತೆ ಓದ್ದೆ. ಅದೇ ತೇಪೆಯಲ್ಲಿ ಇನ್ನೂ ಎರಡು ತಪ್ಪಿತ್ತು. ಕಾಗುಣಿತದ್ದಲ್ಲ, ನಿಜವಾದ್ದು. ಮರುದಿನ ಬರ್ದೆ."

ಅಮ್ಮ ತೀರಿಕೊಂಡ ಮೇಲೂ ಓದು ನಿಲ್ಲಲಿಲ್ಲ. ಈಗ ಕುತ್ತಿಗೆ ನೋವಿದೆ, ಎರಡು ಕನ್ನಡಕಗಳಿವೆ. ಆದರೆ ನಾನು ಅವರ ಬಗ್ಗೆ ಬರೆಯಲೇಬೇಕು ಎಂದು ಕೂತದ್ದು ಕಳೆದ ಜುಲೈ ತಿಂಗಳ ಒಂದು ವಾರದಿಂದಾಗಿ. ಆ ವಾರ ನಮ್ಮ ಕಟ್ಟಡದಲ್ಲಿ ಮದುವೆ. ಖದ್ದೂಜಾ ಅತ್ತೆಯ ಮೊಮ್ಮಗಳು ಅಮಾನಿ ಮದುಮಗಳು. ಶಾಸ್ತ್ರಗಳೆಲ್ಲ ರಾದಿಯಾರ ಮನೆಯಲ್ಲಿ, ಏಕೆಂದರೆ ದೊಡ್ಡ ಹಜಾರ ಇರುವುದು ಅಲ್ಲೇ.

ಅದೇ ವಾರ ಅಂಚೆಯಲ್ಲಿ ಹದಿನೇಳು ತೇಪೆಗಳ ಒಂದು ಕಂತೆ ಬಂದು ಕೂತಿತ್ತು. ಬರೆದವನು ಸ್ಲೊವೇನಿಯಾದ ತೊಮಾಜ್, ಈ ವಲಯದಲ್ಲಿ ದೊಡ್ಡ ಹೆಸರು. ಒಳಬಾಡಿಗೆಯ ಯಂತ್ರಗಳು ಅದರಿಂದ ನೂರಕ್ಕೆ ಹನ್ನೊಂದರಷ್ಟು ಚುರುಕಾಗುತ್ತಿದ್ದವು. ಐವರು ಆಗಲೇ ಒಪ್ಪಿಗೆ ಹಾಕಿದ್ದರು. ಭಾನುವಾರ ಹೊಸ ಕರ್ನಲ್ ಬಿಡುಗಡೆ. ಸೋಮವಾರದಿಂದ ಅದು ಎಷ್ಟೋ ಲಕ್ಷ ಯಂತ್ರಗಳ ಹೊಟ್ಟೆ ಸೇರುತ್ತಿತ್ತು.

ಮಂಗಳವಾರ ಬೆಳಿಗ್ಗೆ ಒಂಬತ್ತನೇ ತೇಪೆಯ ಮೇಲೆ ಅಡಿಪಟ್ಟಿ ನಿಂತುಬಿಟ್ಟಿತು. ಹಳೇ ಪ್ರತಿಯಲ್ಲಿ ಸಮಚಿಹ್ನೆಯ ಎಡಕ್ಕೆ ಒಂದು ನಿಂತ ಗೆರೆ ಇತ್ತು. ಹೊಸ ಪ್ರತಿಯಲ್ಲಿ ಇಲ್ಲ.

ಅದರ ಅರ್ಥ ಇಷ್ಟು. ಆ ಜಾಗದಲ್ಲಿ ಕರ್ನಲ್ ಎರಡು ಪಟ್ಟಿಗಳನ್ನು ಒಂದಾದ ಮೇಲೊಂದು ಕೇಳುತ್ತದೆ, 'ನೀನು ಏನಾದರೂ ಅಳಿಸಿದೆಯಾ?' ಒಬ್ಬರು ಹೌದೆಂದರೂ ಸಾಕು, ಅಂಚೆಯವರಿಗೆಲ್ಲ ಸಾರಬೇಕು. ಗೆರೆ ಇದ್ದರೆ ಮೊದಲ ಉತ್ತರವೂ ಉಳಿಯುತ್ತದೆ. ಇಲ್ಲದಿದ್ದರೆ ಎರಡನೇ ಉತ್ತರ ಮೊದಲನೆಯದರ ಮೇಲೆ ಕೂರುತ್ತದೆ. ರಾದಿಯಾ ಪತ್ರ ಬರೆದರು: "ಈ ಗೆರೆಯನ್ನು ಏಕೆ ತೆಗೆದಿರಿ?"

ತೊಮಾಜ್ ಮರ್ಯಾದೆಯಿಂದಲೇ ಉತ್ತರಿಸಿದ. ಗೆರೆ ಅನಗತ್ಯ. ಮೊದಲ ಉತ್ತರವನ್ನು ಚೀಟಿಯಲ್ಲಿ ಬರೆದು ಎರಡನೇ ಪಟ್ಟಿಯ ಕೈಗೆ ಕೊಡುತ್ತೇವೆ, ಅದು ಚೀಟಿಯನ್ನು ಹಾಗೇ ಹಿಂತಿರುಗಿಸುತ್ತದೆ. ಕಳೆದುಹೋಗಲು ಸಾಧ್ಯವೇ ಇಲ್ಲ. "ಗೆರೆ ಇಲ್ಲದ್ದರಿಂದ ಸೋಲುವ ಪರೀಕ್ಷೆ ನಿಮ್ಮ ಬಳಿ ಇದೆಯೇ?"

ಇರಲಿಲ್ಲ. ಇದ್ದದ್ದು ಒಂದು ಅನುಮಾನ ಮಾತ್ರ. ಅಂತಿಮ ತೀರ್ಮಾನ ಕೈಗೊಳ್ಳುವ ಫಿನ್ಲೆಂಡಿನ ವೆಸಾ ಎಂಬ ಮೇಲ್ವಿಚಾರಕರು ಬರೆದರು: "ರಾದಿಯಾ ಅನುಮಾನಪಟ್ಟರೆ ನಾನೂ ಕಾಯುತ್ತೇನೆ. ಆದರೆ ಶನಿವಾರ ಸಂಜೆಯವರೆಗೆ ಮಾತ್ರ."

ರಾದಿಯಾ ಆ ಪರೀಕ್ಷೆಗೊಂದು ತಂತ್ರಾಂಶ ಬರೆದರು. ಮಲಗುವ ಕೋಣೆಯಲ್ಲಿದ್ದ ಹಳೇ ಯಂತ್ರಕ್ಕೆ ಹಾಕಿದರು. ಬುಧವಾರವೆಲ್ಲ ಓಡಿತು, ಏನೂ ತಪ್ಪಾಗಲಿಲ್ಲ. ಗುರುವಾರ ಮಧ್ಯಾಹ್ನ ಊರೆಲ್ಲ ಏಸಿ ಹಾಕಿದ ಭಾರಕ್ಕೆ ಕರೆಂಟು ಹೋಯಿತು. ಮೊದಲಿನಿಂದ ಶುರು. ಶುಕ್ರವಾರ ಹಜಾರದ ತುಂಬ ಹೆಂಗಸರು, ಬಾದಾಮಿ ರುಬ್ಬುವ ಸದ್ದು, ಮಕ್ಕಳ ಕಿರುಚಾಟ. ನಡುವೆ ರಾದಿಯಾ ಒಂದು ಕೈಯಲ್ಲಿ ಜರಡಿ, ಇನ್ನೊಂದರಲ್ಲಿ ಹಾಳೆ.

"ಬಿಟ್ಬಿಡೇ ಅದನ್ನ," ಖದ್ದೂಜಾ ಅತ್ತೆ ಗದರಿದರು. "ಅವರು ಐದು ಜನ ಸರಿ ಅಂದ್ರೆ ಸರಿ ಇರತ್ತೆ. ನೀನೊಬ್ಬಳು ಯಾಕೆ ಅಡ್ಡ ನಿಂತಿದೀಯ?"

"ಅತ್ತೆ, ನಿನ್ನ ಮೊಮ್ಮಗಳ ಕಾರ್ಡಲ್ಲಿ ತಪ್ಪು ಹೆಸರು ಅಚ್ಚಾಗಿ ಐದು ಜನ ಸರಿ ಅಂದ್ರೆ ಹಂಚಿಬಿಡ್ತೀಯಾ?"

ಅತ್ತೆ ಬಾದಾಮಿಯ ಕಡೆ ತಿರುಗಿದರು.

"ಆ ದಿನ ನಂಗೂ ಭಯವಾಗಿತ್ತು," ರಾದಿಯಾ ಈಗ ಹೇಳುತ್ತಾರೆ. "ನಂದೇ ತಪ್ಪಾಗಿದ್ರೆ? ಅಷ್ಟು ಜನರ ಕೆಲಸ ನನ್ನಿಂದ ನಿಂತಿದೆ. ಇನ್ಮುಂದೆ ಈ ಹೆಂಗಸು ಅನುಮಾನ ಅಂದ್ರೆ ಯಾರು ಕಾಯ್ತಾರೆ?"

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಗೋರಂಟಿ. ಮದುಮಗಳಿಗೆ ಹಚ್ಚಿದವಳು ಮನೆಯೊಡತಿಯನ್ನು ಬಿಟ್ಟಾಳೆಯೇ? ರಾದಿಯಾರ ಎರಡೂ ಅಂಗೈಗೆ, ಹತ್ತೂ ಬೆರಳಿಗೆ ದಪ್ಪನಾಗಿ ಮೆತ್ತಿ ಬಟ್ಟೆ ಸುತ್ತಿಬಿಟ್ಟಳು. "ನಾಲ್ಕು ಗಂಟೆ ಅಲ್ಲಾಡ್ಸೋ ಹಾಗಿಲ್ಲ" ಎಂಬ ಅಪ್ಪಣೆ ಬೇರೆ. ಕೈ ಕಟ್ಟಿಸಿಕೊಂಡು ಕೂತ ರಾದಿಯಾ ಹೇಳಿದರು, "ಹಿಂದಿಯಾ, ಆ ಹಾಳೆ ಹಿಡಿಯೇ. ಗಟ್ಟಿಯಾಗಿ ಓದು. ಅರ್ಥ ಆಗದಿದ್ರೂ ಪರ್ವಾಗಿಲ್ಲ. ಒಂದು ಚುಕ್ಕೆನೂ ಬಿಡ್ಬೇಡ."

ನಾನು ಓದಿದೆ. ಕಂಸ, ಬಾಣ, ನಕ್ಷತ್ರ. ಹಿಂದೆ ದರ್ಬೂಕಾ ಡೋಲು ಬಡಿಯುತ್ತಿದ್ದರು. ಎರಡನೇ ಪಟ್ಟಿಯನ್ನು ಕೇಳುವ ಭಾಗದ ಮೊದಲ ಸಾಲು ಬಂತು. 'ಪಟ್ಟಿ ಖಾಲಿ ಇದ್ದರೆ, ಇಲ್ಲ ಎಂದು ಹೇಳಿ ಹಿಂತಿರುಗು.'

"ನಿಲ್ಸು!" ಎಂದರು ರಾದಿಯಾ. "ಇನ್ನೊಂದ್ಸಲ."

ಇನ್ನೊಂದು ಸಲ ಓದಿದೆ.

"ಖಾಲಿ ಮನೆ!" ಅವರು ಎದ್ದು ನಿಂತರು. "ಖಾಲಿ ಇದ್ರೆ ಅದು ಬಾಗಿಲಲ್ಲೇ 'ಇಲ್ಲ' ಅಂದು ಕಳಿಸ್ಬಿಡತ್ತೆ. ಚೀಟಿ ತೆಗೊಳ್ಳೋದೇ ಇಲ್ಲ! ನನ್ನ ಪರೀಕ್ಷೇಲಿ ಎರಡೂ ಪಟ್ಟಿ ತುಂಬಿತ್ತು, ಅದಕ್ಕೇ ಸೋಲ್ಲಿಲ್ಲ. ಲಝ್ಹರ್! ಲಝ್ಹರ್ ಎಲ್ಲಿ?"

ಕುರ್ಚಿ ಹೊರುತ್ತಿದ್ದ ಲಝ್ಹರ್ ಓಡಿ ಬಂದರು. ಮಲಗುವ ಕೋಣೆಯಲ್ಲಿ ಕೀಲಿಮಣೆಯ ಮುಂದೆ ಅವರನ್ನು ಕೂರಿಸಿ, ಕಟ್ಟಿದ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡು ರಾದಿಯಾ ಒಂದೊಂದೇ ಅಕ್ಷರ ಹೇಳತೊಡಗಿದರು. ಲಝ್ಹರ್ ಟೈಪಿಸುವುದು ಒಂದೇ ಬೆರಳಿನಲ್ಲಿ.

"ಮೇಲಿನ ಸಾಲಿಗೆ ಹೋಗು. ಅಲ್ಲ, ಇನ್ನೂ ಮೇಲೆ. ಆ ನಾಲ್ಕು ಸಾಲು ಅಳ್ಸು."

"ಕನ್ನಡಿ ನೋಡ್ಕೊಂಡು ಹೋಗ್ತಿದೀನಿ, ಅವಸರ ಮಾಡ್ಬೇಡ."

"ಅರ್ಧವಿರಾಮ!"

"ಎಲ್ಲಿದೆ ಅದು?"

"ಇಪ್ಪತ್ತಾರು ವರ್ಷ ಸಂಸಾರ ಮಾಡಿದೀಯ, ಅರ್ಧವಿರಾಮ ಎಲ್ಲಿದೆ ಗೊತ್ತಿಲ್ವಾ?"

"ನಿನ್ನ ಜೊತೆ ವಿರಾಮ ಎಲ್ಲಿ ಸಿಕ್ಕಿದೆ ನಂಗೆ?"

ಇಪ್ಪತ್ತು ನಿಮಿಷ ಹಿಡಿಯಿತು. ಎರಡನೇ ಪಟ್ಟಿ ಈಗ ಖಾಲಿ. ಪರೀಕ್ಷೆ ಹೊರಟಿತು. ಒಳಬಾಡಿಗೆಯ ಯಂತ್ರವೊಂದು ತನ್ನ ಕೋಣೆ ಖಾಲಿ ಮಾಡುತ್ತದೆ, ಆ ಕೋಣೆ ನೆರೆಯವನಿಗೆ ಹೋಗುತ್ತದೆ, ನೆರೆಯವನು ಅಲ್ಲಿ ತನ್ನ ಗುರುತು ಬರೆಯುತ್ತಾನೆ. ಹಳಬನಿಗೆ ಆ ಗುರುತು ಎಂದಿಗೂ ಕಾಣಬಾರದು. ಮೂವರೂ ಪರದೆ ನೋಡುತ್ತಾ ನಿಂತೆವು. ಒಂದು ನಿಮಿಷ. ಮೂರು. ಆರನೇ ನಿಮಿಷಕ್ಕೆ ಪರದೆಯಲ್ಲಿ ಕೆಂಪು ಸಾಲೊಂದು ಮೂಡಿತು. ಹಳಬ ನೆರೆಯವನ ಗುರುತನ್ನು ಓದಿಬಿಟ್ಟಿದ್ದ.

ರಾದಿಯಾ ಕಿರುಚಿದ ಕಿರುಚಿಗೆ ಹಜಾರದಲ್ಲಿದ್ದ ಹೆಂಗಸರು ಮದುಮಗಳಿಗೇ ಏನೋ ಶುಭ ನಡೆಯಿತೆಂದುಕೊಂಡರು. ಮೂವತ್ತು ನಾಲಿಗೆಗಳು ಒಟ್ಟಿಗೆ ಹೊರಳಿ ಉಲೂಲು ಹೊಮ್ಮಿತು. ಕಾರಣ ಯಾರಿಗೂ ಗೊತ್ತಿಲ್ಲ, ಆದರೂ ಯಾರೂ ನಿಲ್ಲಿಸುವುದಿಲ್ಲ. ಖದ್ದೂಜಾ ಅತ್ತೆ ಓಡಿ ಬಂದು, "ಏನಾಯ್ತು, ಯಾರಿಗೆ ಗಂಡುಮಗು?" ಎಂದರು.

"ಅತ್ತೆ, ತಪ್ಪು ಸಿಕ್ತು!"

"ತಪ್ಪು ಸಿಕ್ಕಿದ್ದಕ್ಕೆ ಇಷ್ಟು ಖುಷೀನಾ!" ಎಂದ ಅತ್ತೆ, ತಾವೂ ಒಂದು ಉದ್ದನೆಯ ಉಲೂಲು ಸೇರಿಸಿದರು.

ಪತ್ರವನ್ನೂ ಲಝ್ಹರ್ ಅವರೇ ಟೈಪಿಸಿದರು. ಕೆಳಗೊಂದು ಟಿಪ್ಪಣಿ: "ಅಕ್ಷರದೋಷಗಳಿಗೆ ಕ್ಷಮೆಯಿರಲಿ. ಪರಿಶೀಲಕಿಯ ಕೈಗೆ ಗೋರಂಟಿ ಹಾಕಲಾಗಿದೆ. ಬರೆದವನು ಗಂಡ." ಅಂಚೆಯಲ್ಲಿ ಆ ಟಿಪ್ಪಣಿಗೆ ಬಂದಷ್ಟು ಉತ್ತರ ಯಾವ ತೇಪೆಗೂ ಬಂದಿರಲಿಲ್ಲ. ಆದರೆ ಎಲ್ಲಕ್ಕಿಂತ ಮೊದಲು, ಐವತ್ತು ನಿಮಿಷದೊಳಗೆ, ಬಂದದ್ದು ತೊಮಾಜ್‌ನ ಪತ್ರ: "ನನ್ನ ಯಂತ್ರದಲ್ಲೂ ಸೋತಿತು. ಕಂತೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಒಂದು ಅಕ್ಷರ. ನನ್ನ ತಪ್ಪು. ಮದುಮಗಳಿಗೆ ಶುಭಾಶಯ."

ಮೂರು ವಾರದ ನಂತರ ಅದೇ ಕಂತೆ ನಿಂತ ಗೆರೆಯೊಂದಿಗೆ ಮರಳಿ ಬಂತು. ಚುರುಕು ಹನ್ನೊಂದರಿಂದ ಹತ್ತಕ್ಕಿಳಿದಿತ್ತು. ಯಾವ ಪತ್ರಿಕೆಯಲ್ಲೂ ಸುದ್ದಿಯಾಗಲಿಲ್ಲ, ಏಕೆಂದರೆ ಏನೂ ಆಗಲೇ ಇಲ್ಲ. ಯಾರ ಕಾಗದವೂ ಯಾರ ಬಾಗಿಲಿಗೂ ಬೀಳಲಿಲ್ಲ.

ಅಕ್ಟೋಬರಿನಲ್ಲಿ ತೊಮಾಜ್ ಹೆಂಡತಿಯೊಂದಿಗೆ ಟ್ಯುನೀಸಿಯಾ ನೋಡಲು ಬಂದವನು, ಮೊದಲು ಬಂದಿಳಿದದ್ದೇ ಸ್ಫಾಕ್ಸಿಗೆ. ಆರಡಿ ಮೀರಿದ ಆಳು, ಮೆಟ್ಟಿಲ ಬಳಿ ತಲೆ ತಗ್ಗಿಸಿಕೊಂಡು ಬಂದ. ಮೀನಿನ ಮರ್ಕಾ ಸಾರು, ಬಾರ್ಲಿ ರೊಟ್ಟಿ ಹಾಕಿದರೆ ಮೂರು ಬಟ್ಟಲು ಕುಡಿದ. ಖದ್ದೂಜಾ ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಇವನಿಗೇನಾ ನೀನು ಬೈದಿದ್ದು? ಇಷ್ಟು ದೊಡ್ಡವನಿಗಾ?" ಎಂದರು. ಲಝ್ಹರ್ ಅದನ್ನು ಅವನಿಗೆ ತಿಳಿಸಿದಾಗ ತೊಮಾಜ್ ಹೇಳಿದ್ದು: "ಅಮ್ಮಾ, ಬೈಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದ್ರು. ಬೈದಿದ್ರೆ ವಾಸಿ ಇತ್ತು." ಊಟದ ಮೇಲೆ ಲಝ್ಹರ್ ಅವನ ಹೆಗಲು ತಟ್ಟಿ, "ನನ್ನ ಕೆಲ್ಸಾನೂ ಇದೇ ಕಣಪ್ಪ. ಸ್ಟೀರಿಂಗ್ ನಿಮ್ಮ ಕೈಯಲ್ಲಿ, ಬ್ರೇಕ್ ನಮ್ಮ ಕಾಲಲ್ಲಿ. ಮನೆ ತಲುಪಿದ್ಮೇಲೆ ಯಾರೂ ನಮ್ಮನ್ನ ನೆನೆಯೋದಿಲ್ಲ" ಎಂದರು.

ಈಗ ಬೆಳಿಗ್ಗೆ ಏಳಾಗಿದೆ. ಲಝ್ಹರ್ ಮೊದಲ ಶಿಷ್ಯೆಯನ್ನು ಕರೆದುಕೊಂಡು ಹೊರಟಾಗಿದೆ. ಕೊರಿಯಾದ ಹುಡುಗಿಯಿಂದ ಉತ್ತರ ಬಂದಿದೆ, ಬೀಗ ತೆಗೆದು ಹೊಸ ಪ್ರತಿ ಕಳಿಸಿದ್ದಾಳೆ. ರಾದಿಯಾ ಅದನ್ನೂ ಮುದ್ರಿಸಿ ಮೊದಲ ಸಾಲಿನಿಂದ ಓದುತ್ತಾರೆ. ತಿದ್ದಿದ ಜಾಗ ಮಾತ್ರ ನೋಡಿದರೆ ಸಾಲದೇ ಎಂದರೆ, "ಬೇರೆ ಕಡೆ ಏನು ಮುಟ್ಟಿದಾಳೋ ಯಾರಿಗ್ಗೊತ್ತು?" ಎನ್ನುತ್ತಾರೆ. ಕೊನೆಗೆ ಒಪ್ಪಿಗೆಯ ಸಾಲು ಟೈಪಿಸಿ, ತಮ್ಮ ಹೆಸರಿನ ಕಾಗುಣಿತವನ್ನು ಇನ್ನೊಮ್ಮೆ ನೋಡಿ, ಕಳುಹಿಸುತ್ತಾರೆ.

ನಮ್ಮೂರ ಪತ್ರಿಕೆಗೆ ಬರೆಯುತ್ತಿದ್ದೇನೆ, ಏನಾದರೂ ಆಸೆ ಇದ್ದರೆ ಹೇಳಿ ಎಂದು ನಾನು ಕೇಳುತ್ತೇನೆ. ರಾದಿಯಾ ಕನ್ನಡಕ ತೆಗೆದು ಸೆರಗಿನಂಥ ತಲೆವಸ್ತ್ರದ ಅಂಚಿನಲ್ಲಿ ಒರೆಸುತ್ತಾರೆ.

"ನಗಬಾರದು. ಈ ಕರ್ನಲ್ ಓಡತ್ತಲ್ಲ, ಸಾವಿರಾರು ಯಂತ್ರಗಳನ್ನ ಸಾಲಾಗಿ ನಿಲ್ಲಿಸಿರೋ ದೊಡ್ಡ ದೊಡ್ಡ ಹಜಾರ, ಅಂಥದ್ದನ್ನ ನಾನು ಒಂದ್ಸಲಾನೂ ನೋಡಿಲ್ಲ. ಹನ್ನೊಂದು ವರ್ಷ ಆಯ್ತು. ಒಂದಿನ ಒಳಗೆ ಹೋಗಿ ನಿಂತ್ಕೋಬೇಕು, ಆ ಸದ್ದು ಕೇಳ್ಬೇಕು. ಐದೇ ನಿಮಿಷ ಸಾಕು," ಎಂದವರು, ಯಾರೋ ಆಗಲೇ ಬಾಗಿಲಲ್ಲಿ ತಡೆದರೇನೋ ಎಂಬಂತೆ ಅವಸರವಾಗಿ ಸೇರಿಸುತ್ತಾರೆ: "ಏನೂ ಮುಟ್ಟಲ್ಲ."